ಗಡಿ ದಾಟಿದ ಕಂಬಳಿ

ಹಂಪಿಯ ಸುತ್ತಿನ ಊರುಗಳಲ್ಲಿ ಮನುಷ್ಯ ತಲೆಯೆತ್ತಿ ನಡೆಯಬೇಕು. ಬಗ್ಗಿ ನೆಲ ನೋಡಿದನೋ, ಕೆಟ್ಟ. ಬಿದ್ದ ಸೂಜಿ ಹುಡುಕಲು ಬಗ್ಗಿದರೂ ಸರಿಯೇ, ಅರಸರ ಕಾಲದ ನಿಧಿ ಹುಡುಕುತ್ತಿದ್ದಾನೆಂದು ಸಂಜೆಯ ಹೊತ್ತಿಗೆ ಊರು ತೀರ್ಮಾನ ಮಾಡಿರುತ್ತದೆ. ಬಳ್ಳಾರಿ ಜಿಲ್ಲೆ ಮದ್ರಾಸಿನವರ ಕೈಯಲ್ಲಿದ್ದ ಆ ಕಾಲದಲ್ಲಿ ಈ ಅನುಮಾನ ಇನ್ನೂ ಸೊಂಪಾಗಿ ಬೆಳೆದಿತ್ತು. ಮಳೆ ಕೈಕೊಟ್ಟ ವರ್ಷವೂ ಆ ಒಂದು ಬೆಳೆ ಕೈಕೊಟ್ಟದ್ದಿಲ್ಲ. ಇಂಥ ಸೀಮೆಯ ಗಾದಿಗನೂರಿನಲ್ಲಿ ತೋಟಪ್ಪನೆಂಬವನು ಒಂದು ದಿನ ಹಾಡುಹಗಲೇ ಎತ್ತು ಹೂಡಿ, ಎತ್ತಿನ ಹಿಂದೆ ನೇಗಿಲಲ್ಲ, ಕುಂಟೆಯಲ್ಲ, ಒಂದು ಕರಿ ಕಂಬಳಿ ಕಟ್ಟಿ, ಊರ ದನದ ಬಯಲಿನ ತುಂಬ ಎಳೆದಾಡಿದ. ನಾನು ಅವನ ಪರ ವಕಾಲತ್ತು ವಹಿಸಲು ಹೊರಟಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ತೋಟಪ್ಪ ಕೆಟ್ಟವನಲ್ಲ. ಒಂದು ಜೋಡಿ ಎತ್ತು, ಕರೆಯುವ ಎಮ್ಮೆ ಒಂದು, ಹೆಂಡತಿ ನೀಲಗಂಗಮ್ಮ, ಒಬ್ಬಳೇ ಮಗಳು ಸಂಗಮ್ಮ. ಮಗಳನ್ನು ಪಕ್ಕದ ನಾಗಲಕಟ್ಟೆಗೆ ಕೊಟ್ಟಿದ್ದ. ಎರಡೂರಿನ ನಡುವೆ ಒಂದು ಗಡಿಕಲ್ಲು. ಕಲ್ಲಿನ ಈಚೆ ಇಂಗ್ಲಿಷರ ಸರ್ಕಾರ, ಆಚೆ ಸಂಡೂರು ಸಂಸ್ಥಾನ. ಕೂಗಿದರೆ ಕೇಳುವಷ್ಟು ದೂರವಾದರೂ ಮಗಳು ಹೋದಮೇಲೆ ತೋಟಪ್ಪನಿಗೆ ಮನೆ ಬಿಕೋ ಎನ್ನುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಗಂಡಸಲ್ಲ ಅವನು. ಹಾಲು ಕರೆಯುವಾಗ ಎಮ್ಮೆಯ ಮುಂದೆ ಮಾತ್ರ ಹೇಳಿಕೊಳ್ಳುತ್ತಿದ್ದ.

ಈಗ ಸಂಗಮ್ಮನಿಗೆ ಏಳು ತಿಂಗಳು, ಚೊಚ್ಚಲ ಬಸಿರು. ನಮ್ಮಲ್ಲಿ ಚೊಚ್ಚಲ ಬಾಣಂತನ ತವರುಮನೆಯದೇ. ಏಳರಲ್ಲಿ ಸೀಮಂತದ ಕುಬಸ ಮಾಡಿ ಕರೆತರಬೇಕು, ಎಂಟು ಬಿತ್ತೆಂದರೆ ಬಸುರಿಯನ್ನು ಊರು ದಾಟಿಸುವಂತಿಲ್ಲ. ಆ ತಿಂಗಳೊಳಗೆ ಮಗಳು ಮನೆಗೆ ಬರಬೇಕು ಎಂಬುದೊಂದೇ ತೋಟಪ್ಪನ ತಲೆಯಲ್ಲಿ. ಹಸಿರು ಸೀರೆ ತಂದಿಟ್ಟಿದ್ದ, ಹೊರಸಿಗೆ ಹೊಸ ಹಗ್ಗ ಹೆಣೆದಿದ್ದ. ಉಳಿದದ್ದು ಹಾಲು. ಬಾಣಂತಿಗೆ ಹಾಲು ಬೇಕು, ಎಮ್ಮೆಯೋ ಕೆಚ್ಚಲಿಗೆ ಕೈ ಹಚ್ಚಿದರೆ ಒದೆಯುತ್ತಿತ್ತು.

ಎಮ್ಮೆಯ ತಪ್ಪಲ್ಲ ಅದು. ಊರ ಬಯಲಿನಲ್ಲಿ ಹುಲ್ಲಿಗಿಂತ ಅಂಟುಮುಳ್ಳಿನ ಗಿಡವೇ ಹೆಚ್ಚಾಗಿತ್ತು. ಪಂಡಿತರು ಮರುಳುಮತ್ತಿ ಎನ್ನುವ ಆ ಕಳೆಯ ಕಾಯಿ ಶೇಂಗಾ ಕಾಯಿಗಿಂತ ಚಿಕ್ಕದು, ಮೈತುಂಬ ಕೊಕ್ಕೆ. ಒಣಗಿ ನೆಲಕ್ಕುದುರಿ ದಾರಿಹೋಕರಿಗೆ ಕಾಯುತ್ತಿರುತ್ತದೆ. ದನದ ಬಾಲಕ್ಕೆ, ಕುರಿಯ ಉಣ್ಣೆಗೆ, ಮುದುಕರ ಧೋತರಕ್ಕೆ ಹತ್ತಿತೆಂದರೆ ಕೂದಲು ಬಂದೀತು, ಅದು ಬಾರದು. ಎಮ್ಮೆ ಮಲಗಿ ಎದ್ದಲ್ಲೆಲ್ಲ ಅದರ ಕೆಚ್ಚಲು ಚುಚ್ಚಿ ಗೀರಾಗಿತ್ತು.

ಹೊಸಪೇಟೆಯ ದನದ ಪ್ರದರ್ಶನದಲ್ಲಿ ಬೇಸಾಯ ಇಲಾಖೆಯ ಸಾಹೇಬರೊಬ್ಬರು ಈ ಕಳೆಯ ಬಗ್ಗೆ ಭಾಷಣ ಮಾಡಿದ್ದರು. ತೋಟಪ್ಪ ಮುಂದಿನ ಸಾಲಿನಲ್ಲಿ ಕುಳಿತು, ಕಿತ್ತ ಮೇಲೂ ಮತ್ತೆ ಬಂದರೆ ಏನು ಮಾಡಬೇಕೆಂದು ಕೇಳಿದ್ದ. ಸಾಹೇಬರು ಭೇಷ್, ಒಳ್ಳೆಯ ಪ್ರಶ್ನೆ ಎಂದಿದ್ದರು. ಆ ಭೇಷ್ ಯಾರು ಯಾರಿಗೆ ಕೇಳಿಸಿತೆಂದು ಹಿಂತಿರುಗಿ ನೋಡುವಷ್ಟರಲ್ಲಿ ಸಾಹೇಬರ ಉತ್ತರ ಮುಗಿದುಹೋಗಿತ್ತು. ಹೀಗೆ ತೋಟಪ್ಪ ಪ್ರಶ್ನೆಯೊಂದನ್ನೇ ಹೊತ್ತು ಊರಿಗೆ ಬಂದ, ಅಂದಿನಿಂದ ತನ್ನನ್ನು ಇಲಾಖೆಯವನೆಂದೇ ತಿಳಿದುಕೊಂಡ. ಉತ್ತರವನ್ನು ತಾನೇ ಕಂಡುಹಿಡಿದ. ಮುಳ್ಳು ಉಣ್ಣೆಗೆ ಅಂಟುತ್ತದೆ ತಾನೆ? ಹಾಗಾದರೆ ಉಣ್ಣೆಯನ್ನೇ ಬಯಲಿನ ಮೇಲೆ ಎಳೆದರಾಯಿತು.

ಉಪಾಯವೇನೋ ಚೆನ್ನಾಗಿಯೇ ಇತ್ತು. ಕಂಬಳಿ ಮಾತ್ರ ನೀಲಗಂಗಮ್ಮನ ತವರಿನದು. ಅದನ್ನು ಕೇಳಿ ತೆಗೆದುಕೊಳ್ಳುವ ಧೈರ್ಯ ತೋಟಪ್ಪನಿಗಿರಲಿಲ್ಲ, ಕೇಳದೆ ತೆಗೆದುಕೊಳ್ಳುವ ಧೈರ್ಯವಿತ್ತು.

ಎಳೆದಂತೆಲ್ಲ ಕಂಬಳಿ ಮುಳ್ಳು ತಿಂದು ದಪ್ಪಗಾಯಿತು. ಹುಲುಗಪ್ಪ ಎಂಬ ನೆರೆಯವನು ದೂರದ ಬಂಡೆಯ ಹಿಂದೆ ಕುಳಿತು ಎಲ್ಲ ನೋಡುತ್ತಿದ್ದ. ಕಂಬಳಿಯ ತೂಕ ಹೆಚ್ಚುತ್ತಿರುವುದು ಕಂಡು ಅವನಿಗೆ ಬಂಗಾರದ ವಾಸನೆ ಬಡಿಯಿತು. ಮಧ್ಯಾಹ್ನದ ಹೊತ್ತಿಗೆ ಆ ಬಂಡೆಯ ಹಿಂದೆ ಇನ್ನಷ್ಟು ಜನ ಕುಳಿತಿದ್ದರು, ಒಬ್ಬರನ್ನೊಬ್ಬರು ಅನುಮಾನಿಸುತ್ತ.

ತೋಟಪ್ಪ ಬಯಲಿನ ತುದಿಗೆ, ಗಡಿಕಲ್ಲಿನ ಹತ್ತಿರ, ಎತ್ತು ನಿಲ್ಲಿಸಿದ. ಬೇವಿನ ಟೊಂಗೆ ಮುರಿದು ಕಂಬಳಿಯನ್ನು ಬಡಿದ. ಒಂದು ಮುಳ್ಳೂ ಉದುರಲಿಲ್ಲ. ಕೈಯಿಂದ ಕೀಳಲು ಹೋಗಿ ಅಂಗೈಯೆಲ್ಲ ರಕ್ತವಾಯಿತು. ಎತ್ತಿನ ಹೆಗಲಿನ ಗಾಯಕ್ಕೆಂದು ಅರಿಶಿನ ಕಟ್ಟಿಕೊಂಡು ಬಂದಿದ್ದ, ಅದನ್ನೇ ಕೈಗೆ ಬಳಿದುಕೊಂಡು, ಮಿಕ್ಕದ್ದನ್ನು ಗಡಿಕಲ್ಲಿಗೆ ಒರೆಸಿದ. ಬುತ್ತಿ ಬಿಚ್ಚಿ ಉಂಡು, ಉಳಿದ ಮೊಸರನ್ನವನ್ನೂ ಉಳ್ಳಾಗಡ್ಡಿಯನ್ನೂ ಎಲೆಯ ಮೇಲೆ ಹಾಗೇ ಬಿಟ್ಟ. ಆ ಕಂಬಳಿಯನ್ನು ಮನೆಗೆ ಒಯ್ದರೆ ಹೆಂಡತಿ ತನ್ನನ್ನೇ ಬಯಲಿನ ಮೇಲೆ ಎಳೆದಾಳು ಎನಿಸಿತು. ಸುರುಳಿ ಸುತ್ತಿ ಹಗ್ಗ ಬಿಗಿದು ಕಲ್ಲಿನ ಪಕ್ಕಕ್ಕೆ ಉರುಳಿಸಿ, ನಾಳೆ ಬಂದು ಬಿಡಿಸಿದರಾಯಿತೆಂದು ಹೊರಟುಹೋದ. ಅಂದು ಮಂಗಳವಾರ ಎಂಬುದು ಅವನಿಗೆ ನೆನಪಿರಲಿಲ್ಲ.

ಈಗ ನೀವೇ ಹೇಳಿ. ಮಂಗಳವಾರ, ಗಡಿಕಲ್ಲು, ಕಲ್ಲಿನ ಮೇಲೆ ಅರಿಶಿನದ ಕೈ, ಬೇವಿನ ಸೊಪ್ಪು, ಎಲೆಯ ಮೇಲೆ ಮೊಸರನ್ನದ ಎಡೆ, ಹಗ್ಗ ಬಿಗಿದ ಕರಿ ಕಂಬಳಿ. ನಮ್ಮ ಸೀಮೆಯಲ್ಲಿ ದನಕ್ಕೆ ದೊಡ್ಡ ಬ್ಯಾನಿ ಎಂಬ ರೋಗ ಬಂದರೆ ಊರವರು ಮಾರಿಯನ್ನು ಹೀಗೇ ಮೂಟೆ ಕಟ್ಟಿ, ಎಡೆ ಇಟ್ಟು, ಪಕ್ಕದೂರಿನ ಗಡಿಯೊಳಗೆ ನೂಕಿ ಬರುತ್ತಾರೆ. ಪಕ್ಕದೂರಿನವರು ಎಚ್ಚೆತ್ತು ಇನ್ನೊಂದಿಷ್ಟು ಎಡೆ ಇಟ್ಟು ಆಚೆಯೂರಿಗೆ ನೂಕುತ್ತಾರೆ. ಬಂದ ಅಮ್ಮನನ್ನು ಇಟ್ಟುಕೊಂಡವರೂ ಇಲ್ಲ, ಬಂದ ದಾರಿಗೆ ತಿರುಗಿಸಿ ಕಳಿಸಿದವರೂ ಇಲ್ಲ. ಅವಳು ಮುಂದಕ್ಕೇ ಹೋಗಬೇಕು.

ಮರುದಿನ ಬೆಳಿಗ್ಗೆ ನಾಗಲಕಟ್ಟೆಯ ಎರ್ರಮ್ಮ ಸಗಣಿ ಆರಿಸಲು ಬಂದವಳು ಮೂಟೆ ಕಂಡು ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿದಳು. ಊರ ಹಿರಿಯ ಉಜ್ಜಿನಪ್ಪ ಬಂದ. ಸಂಗಮ್ಮನ ಮಾವ, ಅಂದರೆ ತೋಟಪ್ಪನ ಬೀಗ ಈತನೇ. ಹಾಲು ಕುಡಿಯುವ ಮೊದಲು ಎಮ್ಮೆಯ ಮುಖವನ್ನೊಮ್ಮೆ ನೋಡಿ ಕುಡಿಯುವ ಮನುಷ್ಯ. ಅವನು ದೂರದಲ್ಲೇ ನಿಂತು ಕಲ್ಲು ನೋಡಿದ, ಎಲೆ ನೋಡಿದ, ಬೇವು ನೋಡಿದ. ಊರಿಗೆ ಹೋಗಿ ಡೊಳ್ಳು ತರಿಸಿದ.

ಮೂಟೆಗೆ ಉದ್ದನೆಯ ಹಗ್ಗ ಹಾಕಿ, ಯಾರೂ ಮುಟ್ಟದೆ, ನಾಗಲಕಟ್ಟೆಯ ದನದ ಬಯಲಿನ ನಟ್ಟನಡುವೆ ಎಳೆದುಕೊಂಡು ಹೋದರು. ಅಮ್ಮನಿಗೆ ಗೌರವವಾಗಲೆಂದು ಬಯಲನ್ನು ಒಮ್ಮೆ ಸುತ್ತು ಹಾಕಿಸಿದರು. ಬಡಿದಾಗ ಉದುರದ ಮುಳ್ಳು ನೆಲಕ್ಕೆ ಉಜ್ಜಿ ಎಳೆದ ದಾರಿಯುದ್ದಕ್ಕೂ ಉದುರಿತು, ಅದನ್ನು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಆಚೆಯೂರಿನವರು ಅದಕ್ಕೊಂದು ಸೀರೆ ಉಡಿಸಿ ಮುಂದಿನೂರಿಗೆ ಎಳೆದರು, ಅವರು ಬಳೆ ತೊಡಿಸಿ ಇನ್ನೂ ಮುಂದಕ್ಕೆ ಎಳೆದರು. ಮೂಟೆ ಬಂಡ್ರಿಯ ತನಕ ಹೋಗಿತ್ತೆಂದು ಕೆಲವರು ಹೇಳುತ್ತಾರೆ, ಕಂಪ್ಲಿಗೂ ಹೋಗಿತ್ತೆಂದು ಕಂಪ್ಲಿಗೆ ಹೋಗದವರು ಹೇಳುತ್ತಾರೆ.

ಇತ್ತ ತೋಟಪ್ಪ ಕಂಬಳಿ ಬಿಡಿಸಲು ಬಂದರೆ ಕಂಬಳಿಯೇ ಇಲ್ಲ. ಕದ್ದಿದ್ದಾರೆಂದು ಒಳಗೊಳಗೇ ಕುದಿದ. ಕಳವು ಹೇಳಿಕೊಂಡರೆ ಹೆಂಡತಿಗೆ ಗೊತ್ತಾಗುತ್ತದೆ, ಆದ್ದರಿಂದ ಸುಮ್ಮನಾದ. ಆದರೆ ಸುದ್ದಿಗೆ ಗಡಿಕಲ್ಲಿನ ಅಡ್ಡಿಯಿಲ್ಲ. ಗಾದಿಗನೂರಿನವರು ಮಾರಿಯನ್ನು ನಾಗಲಕಟ್ಟೆಗೆ ನೂಕಿದರಂತೆ ಎಂಬುದು ಗಾದಿಗನೂರಿಗೇ ಕೊನೆಗೆ ತಿಳಿಯಿತು.

ಊರು ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಸೇರಿತು. ಮಠದ ಕೊಟ್ರಯ್ಯನವರು ನಡುವೆ ಕುಳಿತರು. ಊರಿಗೆ ಮಾರಿ ಬಂದದ್ದು ಯಾವಾಗ, ಯಾರ ಕೊಟ್ಟಿಗೆಗೆ ಬಂದಿತ್ತು, ಹೇಳದೆ ಮುಚ್ಚಿಟ್ಟವರು ಯಾರು ಎಂದು ಎಲ್ಲರೂ ಎಲ್ಲರ ಮುಖ ನೋಡಿದರು. ಆಗ ಹುಲುಗಪ್ಪ ಎದ್ದು, ತೋಟಪ್ಪ ಕಂಬಳಿ ಹಿಡಿದು ಬಯಲನ್ನೆಲ್ಲ ಸುತ್ತಿ ಗಡಿಗೆ ಹೋದದ್ದನ್ನು ತಾನು ಕಣ್ಣಾರೆ ಕಂಡೆನೆಂದ. ತಾನು ಬಂಡೆಯ ಹಿಂದೆ ಏಕೆ ಕುಳಿತಿದ್ದೆನೆಂಬುದನ್ನು ಹೇಳಲಿಲ್ಲ.

ತೋಟಪ್ಪ ಅದು ಮುಳ್ಳು ಎಂದು ಒಮ್ಮೆ ಹೇಳಿದ್ದುಂಟು. ಕೊಟ್ರಯ್ಯನವರು ಅವನನ್ನೇ ನೋಡುತ್ತ, ಕಣ್ಣಲ್ಲಿ ನೀರು ತಂದುಕೊಂಡು, ಇದಪ್ಪಾ ವಿನಯ ಅಂದರೆ, ಊರನ್ನು ಹೆದರಿಸಬಾರದೆಂದು ಒಬ್ಬನೇ ಮಾರಿಯನ್ನು ಕಟ್ಟಿ ಹಾಕಿ, ಈಗ ಮುಳ್ಳು ಅನ್ನುತ್ತಾನೆ ಎಂದರು. ಒಂದು ಕೆಂಪಂಚಿನ ರುಮಾಲು ತರಿಸಿ ತಮ್ಮ ಕೈಯಿಂದಲೇ ತೋಟಪ್ಪನ ತಲೆಗೆ ಸುತ್ತಿದರು. ಮೊದಲ ತಾಂಬೂಲವೂ ಅವನಿಗೇ ಬಂತು. ತೋಟಪ್ಪನ ಬಾಯಲ್ಲಿ ಇನ್ನೊಮ್ಮೆ ಮುಳ್ಳು ಎಂಬ ಮಾತು ಬಂದಿತ್ತು. ಆದರೆ ಬಾಯಲ್ಲಿ ತಾಂಬೂಲವಿತ್ತು.

ಮನೆಯಲ್ಲಿ ನೀಲಗಂಗಮ್ಮ ರುಮಾಲನ್ನು ನೋಡಿದಳು, ಕಂಬಳಿಯಿಲ್ಲದೆ ಖಾಲಿಯಿದ್ದ ಹೊರಸನ್ನು ನೋಡಿದಳು.

"ಮಾರೀನ ಯಾವ ಕಂಬಳ್ಯಾಗ ಕಟ್ಟೀರಿ?"

ತೋಟಪ್ಪ ಎಮ್ಮೆಗೆ ನೀರು ಕುಡಿಸಬೇಕೆಂದು ಎದ್ದು ಹೋದ. ಎಮ್ಮೆ ಆಗಲೇ ನೀರು ಕುಡಿದಿತ್ತು.

ರುಮಾಲಿನ ಸುಖ ನಾಗಲಕಟ್ಟೆಯಿಂದ ಸುದ್ದಿ ಬರುವ ತನಕ. ಕುಬಸಕ್ಕೆ ಯಾರೂ ಬರುವುದು ಬೇಡ, ಮಾರಿ ಹೊಕ್ಕ ಊರಿಗೆ ಬಸುರಿ ಸೊಸೆಯನ್ನು ಕಳಿಸುವುದಿಲ್ಲ ಎಂದು ಉಜ್ಜಿನಪ್ಪ ಹೇಳಿಕಳಿಸಿದ್ದ. ನ್ಯಾಯವಾಗಿ ನೋಡಿದರೆ ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ತಿಂಗಳು ಮುಗಿಯುತ್ತ ಬಂದಿತ್ತು. ತೋಟಪ್ಪ ಉಟ್ಟ ಬಟ್ಟೆಯಲ್ಲೇ ಗಡಿಗೆ ಓಡಿ, ಆಚೆ ಹೊಲದಲ್ಲಿದ್ದ ಬೀಗನನ್ನು ಕೂಗಿ ಕರೆದ. ಉಜ್ಜಿನಪ್ಪ ಬಂದು ಕಲ್ಲಿಗೆ ಒಂದು ಮಾರು ದೂರ ನಿಂತ.

"ಬೀಗರ, ಅಲ್ಲೇ ನಿಂದ್ರಿ. ಕಲ್ಲು ದಾಟಬ್ಯಾಡ್ರಿ."

"ಅದು ಮಾರಿ ಅಲ್ರಿ. ಬಯಲಾಗಿನ ಅಂಟುಮುಳ್ಳು. ಬಳಿದು ತಂದಿದ್ದೆ."

"ಮುಳ್ಳು ಬಳಿಯಾಕ ಯಾರರ ಕಂಬಳಿ ತರ್ತಾರೇನ್ರಿ?"

"ಹೊಸ ಪದ್ಧತಿ ರೀ."

"ಬೇವಿನ ಸೊಪ್ಪು?"

"ಝಾಡ್ಸಾಕ."

"ಅರಿಷಿಣ?"

"ಅಂಗೈಗೆ ಹಚ್ಕೊಂಡಿದ್ದೆ."

"ಎಡಿ?"

"ಅದು ನನ್ನ ಬುತ್ತಿ ರೀ."

"ಮಂಗಳವಾರ?"

ತೋಟಪ್ಪ ಬೆರಳು ಮಡಿಚಿ ವಾರ ಎಣಿಸತೊಡಗಿದ. ಉಜ್ಜಿನಪ್ಪ ಅವನ ತಲೆಯತ್ತ ಗದ್ದ ತೋರಿಸಿದ.

"ಮತ್ತ ಆ ರುಮಾಲು ಯಾಕ ಸುತ್ತಿದ್ರು? ಮುಳ್ಳು ಆರಿಸಿದ್ದಕ್ಕ?"

ತಲೆಯ ಮೇಲೆ ರುಮಾಲಿದೆಯೆಂಬುದೇ ತೋಟಪ್ಪನಿಗೆ ಮರೆತುಹೋಗಿತ್ತು. ಈಗ ಬಿಚ್ಚಿದರೂ ತಪ್ಪು, ಬಿಚ್ಚದಿದ್ದರೂ ತಪ್ಪು. ಉಜ್ಜಿನಪ್ಪ ಬೆನ್ನು ತಿರುಗಿಸಿ ಹೊರಟ. ಅವನ ಮನೆಯ ಅಂಗಳದಲ್ಲಿ ನಿಂತ ಮಗಳ ಹಳದಿ ಸೀರೆ ದೂರದಿಂದ ಈ ಕಡೆಯೇ ನೋಡುತ್ತಿತ್ತು. ತೋಟಪ್ಪ ಕೈಯೆತ್ತಿದ, ಅದೂ ಕೈಯೆತ್ತಿತು.

ಊರಿಗೆ ಹೋಗಿ ಸತ್ಯ ಹೇಳಿ ರುಮಾಲು ಹಿಂದಿರುಗಿಸಬೇಕೆಂದು ದಾರಿಯುದ್ದಕ್ಕೂ ನಿಶ್ಚಯಿಸಿಕೊಂಡ. ಆದರೆ ಊರಿನಲ್ಲಿ ಅಷ್ಟರೊಳಗೆ ಹೊಸ ವಿಪತ್ತು ಬಂದಿತ್ತು. ಮಾರಿಯ ಸುದ್ದಿ ಹೊಸಪೇಟೆಯ ಕಿವಿಗೆ ಬಿದ್ದು, ದನದ ಡಾಕ್ಟರು ಸೈಕಲ್ ಏರಿ ಬರುತ್ತಿದ್ದಾರೆಂದು ಯಾರೋ ಹೇಳಿದ್ದರು. ಗಾದಿಗನೂರು ಮಾರಿಗೆ ಹೆದರುವುದಕ್ಕಿಂತ ಹೆಚ್ಚು ಸರ್ಕಾರಕ್ಕೆ ಹೆದರುವ ಊರು. ದನದ ತಲೆ ಎಣಿಸಿ ಕಂದಾಯ ಹಾಕಲು ಬರುತ್ತಿದ್ದಾನೆಂದು ಹುಲುಗಪ್ಪ ಅನುಮಾನಪಟ್ಟ. ಅದು ಸಾಕಾಯಿತು. ಇದ್ದಬದ್ದ ದನ, ಎಮ್ಮೆ, ಕರುಗಳನ್ನೆಲ್ಲ ಗುಡ್ಡದ ಮರೆಗೆ ಹೊಡೆದು ಬಂದರು.

ಡಾಕ್ಟರು ಬಂದು ನೋಡಿದರೆ ಕೊಟ್ಟಿಗೆಗಳೆಲ್ಲ ಖಾಲಿ. ತೆಲುಗು ಬೆರೆಸಿದ ಕನ್ನಡದಲ್ಲಿ ದನಗಳೆಲ್ಲಿ ಎಂದು ಕೇಳಿದರು.

"ಈಗ ಇಲ್ರಿ," ಎಂದರು ಕೊಟ್ರಯ್ಯನವರು, ತಲೆ ತಗ್ಗಿಸಿ.

"ಒಂದೂ ಉಳಿಯಲಿಲ್ಲವಾ?"

"ಕಣ್ಣಿಗೆ ಕಾಣಾಕ ಒಂದೂ ಇಲ್ರಿ."

ಡಾಕ್ಟರು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಇಡೀ ಊರಿನ ದನ ಒಂದೇ ವಾರದಲ್ಲಿ ಸತ್ತ ಪ್ರಸಂಗವನ್ನು ಅವರು ಓದಿನಲ್ಲೂ ಕಂಡಿರಲಿಲ್ಲ. ಹೆಣಗಳೆಲ್ಲಿ ಎಂದು ಕೇಳುವಷ್ಟು ಕಠಿಣ ಹೃದಯ ಅವರದಲ್ಲ. ಊರಿನಿಂದ ಒಂದು ಗಾಡಿಯೂ, ಹೊರಗಿನಿಂದ ತಂದು ಗಾಡಿಗೆ ಕಟ್ಟಿದ ಒಂದು ಎತ್ತೂ ಗಡಿ ದಾಟಕೂಡದೆಂದು ಅಪ್ಪಣೆ ಮಾಡಿ, ಅಪ್ಪಣೆ ನಡೆಯುತ್ತದೋ ಇಲ್ಲವೋ ನೋಡಲು ಚಾವಡಿಯಲ್ಲೇ ಬಿಡಾರ ಹೂಡಿದರು. ಆಚೆ ಸಂಸ್ಥಾನದ ದನಗಳ ಗತಿಯೇನು ಎಂದು ಯಾರೋ ಕೇಳಿದ್ದಕ್ಕೆ, ಅದು ತಮಗೆ ಸೇರಿದ್ದಲ್ಲ, ಆದರೂ ರೋಗಕ್ಕೆ ಗಡಿ ಗೊತ್ತಿದ್ದರೆ ಒಳ್ಳೆಯದು ಎಂದರು. ಹೀಗೆ ಬೀಗ ಕಳಿಸಲು ಒಪ್ಪಿದರೂ ಮಗಳನ್ನು ಕರೆತರಲು ಗಾಡಿಯಿಲ್ಲದಂತಾಯಿತು. ಆ ಸಂಜೆ ತೋಟಪ್ಪ ಉಣ್ಣಲಿಲ್ಲ. ಹೇಳಿಕೊಳ್ಳೋಣವೆಂದರೆ ಎಮ್ಮೆಯೂ ಗುಡ್ಡದಲ್ಲಿತ್ತು.

ತಿಂಗಳಿನ ಕೊನೆಯ ದಿನ ಹೊಸಪೇಟೆ ರಸ್ತೆಯ ಕಡೆಯಿಂದ ಡೊಳ್ಳಿನ ಸದ್ದು ಕೇಳಿಸಿತು. ಊರೂರು ಸುತ್ತಿದ ಮೂಟೆ ಇನ್ನೊಂದು ದಿಕ್ಕಿನಿಂದ ಗಾದಿಗನೂರಿಗೇ ಬಂದಿತ್ತು. ಹೋದಾಗ ಬರೀ ಕಂಬಳಿ, ಬಂದಾಗ ಸೀರೆಯ ಮೇಲೆ ಸೀರೆ, ಬಳೆ, ಕುಂಕುಮ, ಮುಖ ನೋಡಿಕೊಳ್ಳಲು ಕನ್ನಡಿ, ಮೇಲೊಂದು ಹುಂಜ. ತಂದವರು ನಮ್ಮ ಗಡಿಯೊಳಗೆ ಅದನ್ನು ಬಿಟ್ಟು, ಬಂದದ್ದಕ್ಕಿಂತ ಜೋರಾಗಿ ತಿರುಗಿ ಹೋದರು.

ಪದ್ಧತಿಯಂತೆ ಅಮ್ಮ ಮುಂದಕ್ಕೆ ಹೋಗಬೇಕು. ಮುಂದಕ್ಕೆ ಎಂದರೆ ನಾಗಲಕಟ್ಟೆ. ಎಳೆಯುವವರು ಯಾರು ಎಂಬ ಪ್ರಶ್ನೆಯೇ ಬರಲಿಲ್ಲ. ಊರೆಲ್ಲ ರುಮಾಲಿನ ಕಡೆ ನೋಡಿತು.

ತೋಟಪ್ಪ ಹಗ್ಗ ಹೆಗಲಿಗೆ ಹಾಕಿಕೊಂಡು ಎಳೆದ. ಎತ್ತುಗಳು ಲೆಕ್ಕಕ್ಕೆ ಸತ್ತಿದ್ದವಲ್ಲ, ತಾನೇ ಎಳೆಯಬೇಕಾಯಿತು. ಊರವರು ಮಾರಿಗೆ ಸಿಗದಷ್ಟು ಹಿಂದೆ ಬಂದರು, ಅವರ ಹಿಂದೆ ಡಾಕ್ಟರು ಸೈಕಲ್ ತಳ್ಳಿಕೊಂಡು ಬಂದರು. ಗಡಿಕಲ್ಲಿನ ಆಚೆ ನಾಗಲಕಟ್ಟೆಯ ಗಂಡಸರು ಬಡಿಗೆ ಹಿಡಿದು ಸಾಲಾಗಿ ನಿಂತಿದ್ದರು. ನಡುವೆ ಉಜ್ಜಿನಪ್ಪ. ಅವನ ಹಿಂದೆ ಹೆಂಗಸರು, ಹೆಂಗಸರ ನಡುವೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ ಸಂಗಮ್ಮ.

ಮಗಳ ಮುಖ ಕಂಡದ್ದೇ ತೋಟಪ್ಪನ ಕೈಯಿಂದ ಹಗ್ಗ ಜಾರಿತು. ಇನ್ನೆರಡು ಹೆಜ್ಜೆ ಎಳೆದಿದ್ದರೆ ಮಾರಿಯನ್ನು ಮಗಳ ಮನೆಗೇ ಎಳೆದ ಅಪ್ಪನಾಗುತ್ತಿದ್ದ. ರುಮಾಲು ಬಿಚ್ಚಿ ಗಡಿಕಲ್ಲಿನ ಮೇಲಿಟ್ಟ.

"ಇದು ಮಾರಿ ಅಲ್ಲ, ಮುಳ್ಳು. ಮೊದಲ ದಿನಾನ ಗಟ್ಟಿಯಾಗಿ ಹೇಳಬೇಕಿತ್ತು. ರುಮಾಲಿನ ಆಸೆಗೆ ಬಾಯಿ ಮುಚ್ಗೊಂಡೆ."

ಒಬ್ಬರೂ ನಂಬಲಿಲ್ಲ. ಬಡಿಗೆಗೆ ಹೆದರಿ ಮಾತು ತಿರುಗಿಸಿದನೆಂದು ಅವನ ಊರಿನವರೇ ಗೊಣಗಿದರು. ಮೂಟೆ ಬಿಚ್ಚಿ ನೋಡಬಹುದಲ್ಲ ಎಂದು ಡಾಕ್ಟರಿಗೆ ಹೇಳಿದರೆ, ಅದು ದನವಲ್ಲವಾದ್ದರಿಂದ ತಮ್ಮ ಇಲಾಖೆಗೆ ಬರುವುದಿಲ್ಲವೆಂದು ಅವರು ಸೈಕಲ್ಲಿನ ಹಿಂದೆ ಸರಿದರು. ಉಜ್ಜಿನಪ್ಪ ಬಡಿಗೆಯ ತುದಿಯನ್ನು ಮೂಟೆಯತ್ತ ಚಾಚಿದ. ನಮ್ಮಲ್ಲಿ ಪಂಚಾಯಿತಿ ಸೇರುವುದು ಕಂಬಳಿ ಹಾಸಿ. ಅದರ ಮೇಲೆ ಕೂತು ಸುಳ್ಳಾಡಿದವನ ವಂಶ ಉಳಿಯುವುದಿಲ್ಲ ಎಂಬುದು ಎರಡೂರಿಗೂ ಗೊತ್ತು.

"ಒಳಗ ಕಂಬಳಿ ಐತಲ್ರಿ? ಅದರ ಮ್ಯಾಲ ಕುಂತು ಹೇಳ್ರಿ, ನಂಬ್ತೀನಿ."

ಮೂಟೆಯೊಳಗೆ ಏನಿದೆಯೆಂದು ಆ ಜನರಲ್ಲಿ ಸರಿಯಾಗಿ ಬಲ್ಲವನು ಒಬ್ಬನೇ, ಕೂರಬೇಕಾದವನೂ ಅವನೇ. ತೋಟಪ್ಪ ಹುಂಜವನ್ನು ಹಾರಿಸಿದ. ಸೀರೆಗಳನ್ನು ಒಂದೊಂದಾಗಿ ಬಿಚ್ಚಿದ, ಹಗ್ಗ ಸಡಿಲಿಸಿದ, ಕಂಬಳಿ ಹಾಸಿದ. ಮಗಳತ್ತ ಒಮ್ಮೆ ನೋಡಿ, ಧೋತರ ಸರಿಮಾಡಿಕೊಂಡು, ಧಡಕ್ಕನೆ ಕೂತ.

ಅವನ ಬಾಯಿಂದ ಹೊರಟದ್ದು ಮೊದಲು ಮಾತಾಗಿರಲಿಲ್ಲ. ಹಳ್ಳದ ದಂಡೆಯ ಕೊಕ್ಕರೆಗಳೆಲ್ಲ ಎದ್ದವು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅವನು ಏಳಲಿಲ್ಲ.

"ಇದು... ಅಂಟುಮುಳ್ಳು... ಐತ್ರಿ... ಬೀಗರ."

ಸುಳ್ಳು ಹೇಳುವವನ ಮುಖ ಹಾಗಿರುವುದು ಸಾಧ್ಯವಿಲ್ಲ. ಅವನು ಎದ್ದಾಗ ಕಂಬಳಿಯೂ ಜೊತೆಗೇ ಎದ್ದಿತು. ಉಜ್ಜಿನಪ್ಪ ಕಲ್ಲು ದಾಟಿ ಬಂದು ಬೀಗನನ್ನು ಒಂದು ಸುತ್ತು ಹಾಕಿದ. ಧೋತರದಿಂದ ಒಂದು ಮುಳ್ಳು ಕಿತ್ತು, ಅಂಗೈಯಲ್ಲಿಟ್ಟು ನೋಡಿ, ಮೂಸಿ, ಅಷ್ಟಕ್ಕೂ ಮನಸ್ಸು ತುಂಬದೆ ಹೆಬ್ಬೆರಳಿಗೆ ಚುಚ್ಚಿಕೊಂಡ. ಬೆರಳು ಬಾಯಿಗಿಟ್ಟುಕೊಂಡು, ಮುಳ್ಳೇ ಎಂದು ತನ್ನ ಊರಿಗೆ ತೀರ್ಪು ಕೊಟ್ಟ.

ಮೊದಲು ನಕ್ಕವಳು ಸಂಗಮ್ಮ. ಎಷ್ಟು ನಕ್ಕಳೆಂದರೆ ಹೆಂಗಸರು ಹೆದರಿ ಅವಳ ಸೊಂಟ ಹಿಡಿದುಕೊಂಡರು. ಮಗಳು ನಗುವುದನ್ನು ಕೇಳಿ ಎಷ್ಟು ದಿನವಾಗಿತ್ತೋ, ತೋಟಪ್ಪ ಹಿಂದೆ ಜೋತುಬಿದ್ದ ಕಂಬಳಿಯನ್ನು ಮರೆತು ತಾನೂ ನಕ್ಕ. ಆ ಹೊತ್ತಿಗೆ ಸರಿಯಾಗಿ ಗುಡ್ಡದಲ್ಲಿ ನೀರು ಸಿಗದ ಗಾದಿಗನೂರಿನ ದನಗಳೆಲ್ಲ ಸಾಲುಗಟ್ಟಿ ಇಳಿದು ಬಂದವು. ಸತ್ತ ದನಗಳು ಕೊರಳ ಗಂಟೆ ಬಾರಿಸುತ್ತ ಬರುವುದನ್ನು ಡಾಕ್ಟರು ನೋಡಿದರು. ಟೋಪಿಯನ್ನು ತಲೆಗೆ ಒತ್ತಿಕೊಂಡು ಸೈಕಲ್ ಹತ್ತಿ ಹೊಸಪೇಟೆಯ ಹಾದಿ ಹಿಡಿದರು. ಅದೇ ಎತ್ತುಗಳನ್ನು ಗಾಡಿಗೆ ಕಟ್ಟಿ, ಹೊತ್ತು ಮುಳುಗುವುದರೊಳಗೆ ಸಂಗಮ್ಮನನ್ನು ತವರಿಗೆ ತಂದರು. ಗಾಡಿಯಲ್ಲಿ ತೋಟಪ್ಪ ಮಾತ್ರ ಕೂರಲಿಲ್ಲ, ನಡೆದೇ ಬಂದ. ಕಂಬಳಿಯ ವಿಷಯದಲ್ಲಿ ನೀಲಗಂಗಮ್ಮ ಏನಂದಳೆಂಬುದನ್ನು ಅಚ್ಚಿನಲ್ಲಿ ಹಾಕುವಂತಿಲ್ಲ. ಗಂಡನನ್ನು ಎದುರಿಗೆ ನಿಲ್ಲಿಸಿಕೊಂಡು ಒಂದೊಂದೇ ಮುಳ್ಳು ಕೀಳಿಸಿ ಒಲೆಗೆ ಹಾಕಿಸಿದಳು ಎಂದಷ್ಟು ಹೇಳಬಹುದು.

ಸಂಗಮ್ಮನಿಗೆ ಹೆಣ್ಣು ಕೂಸು ಹುಟ್ಟಿತು. ಮಳೆ ಬಿತ್ತು. ಮೂಟೆ ಎಳೆದ ಊರೂರಿನ ಹಾದಿಯಲ್ಲಿ ಅಂಟುಮುಳ್ಳಿನ ಸಸಿ ಎದ್ದಿತು. ನಾಗಲಕಟ್ಟೆಯವರು ಅಮ್ಮನಿಗೆ ಗೌರವದ ಸುತ್ತು ಹಾಕಿಸಿದ್ದರಲ್ಲ, ಅವರ ಬಯಲಿನಲ್ಲಂತೂ ಬಿತ್ತಿದ ಹಾಗೆ ಎದ್ದಿತ್ತು.

ಕೂಸಿಗೆ ಐದು ತಿಂಗಳು ತುಂಬಿದ ಮೇಲೆ ಉಜ್ಜಿನಪ್ಪ ಸೊಸೆ ಮೊಮ್ಮಗಳನ್ನು ಕರೆದೊಯ್ಯಲು ಬಂದ. ತೋಟಪ್ಪ ಬೀಗನಿಗೆ ಉಪಚಾರವೆಲ್ಲ ಮಾಡಿ, ಕೊನೆಯಲ್ಲಿ ಕಳಿಸುವುದಿಲ್ಲ ಎಂದ. ಕೂಸು ಇನ್ನೇನು ಅಂಬೆಗಾಲಿಡುತ್ತದೆ, ಅಂಗಳ ದಾಟಿದರೆ ನಿಮ್ಮ ಬಯಲು, ಬಯಲು ತುಂಬ ಮುಳ್ಳು, ಮೊದಲು ಅದನ್ನು ತೆಗೆಸಿ ಎಂದ. ಮುಳ್ಳಿನ ವಿಷಯದಲ್ಲಿ ಅವನ ಅನುಭವವನ್ನು ಅಲ್ಲಗಳೆಯುವಂತಿರಲಿಲ್ಲ.

ಉಜ್ಜಿನಪ್ಪ ಹಲ್ಲು ಕಚ್ಚಿ ಹಿಂದಿರುಗಿದ. ಮರುದಿನ ಹೊಸಪೇಟೆಗೆ ನಡೆದು, ಬೇಸಾಯ ಇಲಾಖೆಯ ಸಾಹೇಬರ ಕಚೇರಿ ಹುಡುಕಿ, ಉತ್ತರವನ್ನು ಪೂರ್ತಿ ಕೇಳಿಕೊಂಡು ಬಂದ. ಹೂ ಬಿಡುವುದರೊಳಗೆ ಬೇರುಸಹಿತ ಕೀಳಬೇಕು, ಮಳೆ ಬಿದ್ದಾಗಲೆಲ್ಲ ಮತ್ತೆ ಏಳುತ್ತದೆ, ಮತ್ತೆ ಕೀಳಬೇಕು, ಬೇರೆ ಉಪಾಯವಿಲ್ಲ. ನಾಗಲಕಟ್ಟೆಯವರೆಲ್ಲ ಬಯಲಿಗಿಳಿದರು. ಒಬ್ಬ ಕಿತ್ತ ಸಾಲನ್ನು ಇನ್ನೊಬ್ಬ ಅನುಮಾನಪಟ್ಟು ಮತ್ತೊಮ್ಮೆ ನೋಡುತ್ತಿದ್ದುದರಿಂದ ಕೆಲಸ ಬಹಳ ಚೆನ್ನಾಗಿ ನಡೆಯಿತು. ಅನುಮಾನದಿಂದ ನಮ್ಮ ಸೀಮೆಗೆ ಆದ ಉಪಕಾರ ನಾನು ಕಂಡಂತೆ ಅದೊಂದೇ.

ತಪಾಸಣೆಗೆ ತೋಟಪ್ಪ ಬಂದ. ಮೊಮ್ಮಗಳನ್ನು ಎದೆಗವಚಿಕೊಂಡು, ಬೀಗನನ್ನು ಬರಿಗಾಲಲ್ಲಿ ಮುಂದೆ ನಡೆಸಿ, ಇಡೀ ಬಯಲು ಸುತ್ತಿದ. ಹಿಂದೆ ಸಂಗಮ್ಮ, ಅವಳ ಹಿಂದೆ ಎರಡೂರಿನ ಜನ. ಹುಲ್ಲು ರೇಷ್ಮೆಯ ಹಾಗಿತ್ತು. ಇಲ್ಲಿ ಕಲ್ಲು ಹೆಚ್ಚಾಯಿತು ಎಂದ ತೋಟಪ್ಪ. ಅಲ್ಲಿ ತೇವ ಹೆಚ್ಚಾಯಿತು ಎಂದ. ಬಿಸಿಲು ಚುರುಕಾಯಿತು, ಇನ್ನೊಂದು ದಿನ ನೋಡೋಣವೆಂದ. ಉಜ್ಜಿನಪ್ಪ ನಿಂತು, ತಿರುಗಿ ಅವನ ಮುಖ ನೋಡಿದ.

"ಬೀಗರ, ಬಯಲಾಗ ಮುಳ್ಳಿಲ್ಲ. ನಿಮಗ ಮಗಳನ್ನ ಕಳಿಸಾಕ ಮನಸಿಲ್ಲ. ಹಂಗಂತ ಅನ್ರಿ."

ತೋಟಪ್ಪ ಮೊಮ್ಮಗಳನ್ನು ಮೆಲ್ಲಗೆ ಹುಲ್ಲಿನ ಮೇಲೆ ಇಳಿಸಿದ. ಅದು ಚುಚ್ಚಿ ಅಳಲಿ ಎಂದು ಒಂದು ಕ್ಷಣ ಕಾದನೆಂದೇ ನನ್ನ ಅನುಮಾನ. ಕೂಸು ಹಿಡಿ ಹುಲ್ಲು ಕಿತ್ತು ಬಾಯಿಗೆ ಹಾಕಿಕೊಳ್ಳಲು ನೋಡಿತು. ತೋಟಪ್ಪ ಎಲ್ಲರೆದುರು ಗಳಗಳ ಅತ್ತುಬಿಟ್ಟ. ಸಂಗಮ್ಮ ಅಪ್ಪನ ತೋಳು ಹಿಡಿದು ನಿಂತಳು.

ಉಜ್ಜಿನಪ್ಪ ಬಯಲಿನ ತುದಿಯತ್ತ ಕೈ ತೋರಿಸಿದ. ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಆ ಮೂಲ್ಯಾಗ ಒಂದೆರಡು ಗಿಡ ಉಳದಂಗ ಕಾಣ್ತಾವ. ಸೊಸಿ, ಕೂಸು ಇನ್ನೊಂದು ತಿಂಗಳು ನಿಮ್ಮಲ್ಲೇ ಇರಲಿ ಬಿಡ್ರಿ."

ಆ ಮೂಲೆಯಲ್ಲಿ ಒಂದು ಗಿಡವೂ ಇರಲಿಲ್ಲ. ಎರಡೂರಿನ ಜನರೂ ಆ ಕಡೆ ತಿರುಗಿ ನೋಡಿದರು, ಹೌದು ಹೌದು, ಕಾಣುತ್ತವೆ ಎಂದರು.